ಬೈಬಲಿನ ಮೊದಲ ಪುಟದಲ್ಲಿ ಬರೆದಿಟ್ಟ ತಾರೀಖು

ಪ್ರಶ್ನೆ: 1999ರ ಮೇ ತಿಂಗಳಲ್ಲಿ ಯುವಜನರ ಶಿಬಿರವೊಂದರಲ್ಲಿ ಯೇಸುವನ್ನು ನನ್ನ ರಕ್ಷಕನೆಂದು ಸ್ವೀಕರಿಸಿದೆ. ಆ ತಾರೀಖನ್ನು ನನ್ನ ಬೈಬಲಿನ ಮೊದಲ ಪುಟದಲ್ಲಿ ಬರೆದಿಟ್ಟಿದ್ದೇನೆ. ದೀಕ್ಷಾಸ್ನಾನವಾಗಿದೆ, ಸಭೆಯ ಕೆಲಸಗಳಲ್ಲಿ ಮುಂದಿದ್ದೇನೆ. ಒಂಬತ್ತು ವರ್ಷದ ಹಿಂದೆ ತಂದೆ ತೀರಿಕೊಂಡ ಮೇಲೆ, ಖಾತೆ ಬದಲಾವಣೆಗೆ ಬೇಕು ಎಂದು ಹೇಳಿ ನಾನೂ ನನ್ನ ತಮ್ಮನೂ ಸೇರಿ ತಂಗಿಯಿಂದ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡೆವು. ಮನೆ, ನಿವೇಶನ ಎರಡನ್ನೂ ನಾವಿಬ್ಬರೇ ಹಂಚಿಕೊಂಡೆವು. ಎರಡು ವರ್ಷದ ಮೇಲೆ ಅವಳಿಗೆ ವಿಷಯ ಗೊತ್ತಾಯಿತು. ಅಂದಿನಿಂದ ತವರಿಗೆ ಕಾಲಿಟ್ಟಿಲ್ಲ. ಮಾಡಿದ್ದು ತಪ್ಪೆಂದು ಗೊತ್ತು, ಆದರೆ ಹಿಂದಿರುಗಿಸುವ ಮನಸ್ಸು ಬಂದಿಲ್ಲ. ಒಮ್ಮೆ ರಕ್ಷಣೆ ಹೊಂದಿದವನು ಎಂದೆಂದಿಗೂ ರಕ್ಷಣೆ ಹೊಂದಿದವನೇ, ಚಿಂತೆ ಬೇಡ ಎಂದು ಪ್ರಾರ್ಥನಾ ಕೂಟದ ಹಿರಿಯರು ಹೇಳುತ್ತಾರೆ. ಆದರೆ ಕಳೆದ ತಿಂಗಳು 1 ಯೋಹಾನ 3ನೇ ಅಧ್ಯಾಯ ಓದಿದಾಗಿನಿಂದ ನನಗೆ ನಿದ್ದೆಯಿಲ್ಲ. ನನ್ನ ರಕ್ಷಣೆ ಹೋಗಿಬಿಟ್ಟಿದೆಯೇ? ಅಥವಾ ಮೊದಲಿನಿಂದಲೂ ಇರಲೇ ಇಲ್ಲವೇ?

ಉತ್ತರ: ಸಹೋದರರೇ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೂರು ಸಲವೂ ನನ್ನ ಕಣ್ಣು ನಿಂತದ್ದು ನಿಮ್ಮ ಪ್ರಶ್ನೆಯ ಮೇಲಲ್ಲ, ಪ್ರಶ್ನೆಗೆ ಮುಂಚೆ ನೀವು ಬರೆದ ಒಂದು ಮಾತಿನ ಮೇಲೆ. "ಹಿಂದಿರುಗಿಸುವ ಮನಸ್ಸು ಬಂದಿಲ್ಲ." ಇಷ್ಟು ನೇರವಾಗಿ ಬರೆದದ್ದಕ್ಕೆ ನಿಮ್ಮನ್ನು ಗೌರವಿಸುತ್ತೇನೆ. ಆ ಮಾತನ್ನು ಮುಚ್ಚಿಟ್ಟು ಬರೀ ದೇವಶಾಸ್ತ್ರದ ಪ್ರಶ್ನೆಯೊಂದನ್ನು ನೀವು ಕಳುಹಿಸಬಹುದಿತ್ತು. ಹಾಗಾಗಿದ್ದರೆ ನಾನೂ ವಚನಗಳನ್ನು ಪೋಣಿಸಿ ಒಂದು ಉತ್ತರ ಕೊಟ್ಟು ಕೈತೊಳೆದುಕೊಳ್ಳುತ್ತಿದ್ದೆನೇನೋ.

ನೇರವಾಗಿ ಬರೆದವರಿಗೆ ನೇರವಾಗಿಯೇ ಹೇಳುತ್ತೇನೆ. ಆ ಮನಸ್ಸು ಬರುವ ತನಕ ನಿಮಗೆ ರಕ್ಷಣೆಯ ನಿಶ್ಚಯತೆಯನ್ನು ಕೊಡಲು ನನ್ನಿಂದಾಗದು. ನಿಮ್ಮ ಕೂಟದ ಹಿರಿಯರಿಗೂ ಆ ಅಧಿಕಾರವಿಲ್ಲ. ಇದರರ್ಥ ನೀವು ನಾಶವಾದವರು ಎಂದಲ್ಲ. ನಿಶ್ಚಯತೆ ಬೇರೆ, ರಕ್ಷಣೆ ಬೇರೆ. ಈ ಎರಡನ್ನು ಒಂದೇ ಎಂದು ತಿಳಿದದ್ದರಿಂದಲೇ ನಿಮ್ಮ ಹಿರಿಯರು ಅಷ್ಟು ಸುಲಭವಾಗಿ ಸಮಾಧಾನ ಹೇಳಿದರು, ನೀವು ಇಷ್ಟು ಹೆದರಿದಿರಿ.

ಮೊದಲು ಆ ತಾರೀಖಿನ ವಿಷಯ. ಅದನ್ನು ಅಳಿಸಬೇಡಿ. ಆ ಸಂಜೆ ನಿಮ್ಮ ಹೃದಯದಲ್ಲಿ ಏನಾಯಿತೋ ಅದನ್ನು ಬಲ್ಲವನು ದೇವರೊಬ್ಬನೇ. ಅದು ಸುಳ್ಳೆಂದು ಹೇಳಲು ನಾನು ಯಾರು? ಆದರೆ ಕೂಟದ ಕೊನೆಯಲ್ಲಿ ಎದ್ದು ಬಂದು, ಪ್ರಾರ್ಥನೆಯೊಂದನ್ನು ಹೇಳಿ, ಆ ದಿನವನ್ನೇ ರಕ್ಷಣೆಯ ರಸೀದಿಯಂತೆ ಜೋಪಾನ ಮಾಡುವ ಪದ್ಧತಿ ಅಪೊಸ್ತಲರ ಕಾಲದ್ದಲ್ಲ. ಕಳವಳಗೊಂಡವರು ಮುಂದೆ ಬಂದು ಕೂರಲೆಂದು ಬೆಂಚು ಹಾಕುವ ಕ್ರಮವನ್ನು ಅಮೆರಿಕದಲ್ಲಿ 1830ರ ಸುಮಾರಿಗೆ ಚಾರ್ಲ್ಸ್ ಫಿನ್ನಿ ಎಂಬ ಬೋಧಕ ಜನಪ್ರಿಯಗೊಳಿಸಿದ. ನಮ್ಮ ಉಜ್ಜೀವನ ಕೂಟಗಳಲ್ಲಿ ನಡೆಯುವುದು ಅದರದೇ ಮುಂದುವರಿಕೆ. ಎಷ್ಟೋ ಜನ ಅದರಿಂದ ನಿಜವಾಗಿ ಕ್ರಿಸ್ತನ ಬಳಿಗೆ ಬಂದಿದ್ದಾರೆ, ಅದನ್ನು ಹೀಗಳೆಯುವವನು ನಾನಲ್ಲ. ಪೌಲನಿಗೂ ದಮಸ್ಕದ ದಾರಿಯ ದಿನವೊಂದಿತ್ತು, ಅದನ್ನು ಅವನು ಮತ್ತೆ ಮತ್ತೆ ಸಾಕ್ಷಿಯಾಗಿ ಹೇಳಿದ. ಆದರೂ ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯದಲ್ಲಿ, ನಮ್ಮನ್ನು ಅಪರಾಧಿಗಳೆಂದು ನಿರ್ಣಯಿಸುವವರು ಯಾರು ಎಂದು ಸವಾಲು ಹಾಕುವಾಗ, ಅವನು ಆ ದಿನವನ್ನು ಎತ್ತುವುದಿಲ್ಲ. ಕ್ರಿಸ್ತನು ಸತ್ತನು, ಎದ್ದನು, ದೇವರ ಬಲಗಡೆಯಲ್ಲಿದ್ದು ನಮಗಾಗಿ ಬೇಡುತ್ತಿದ್ದಾನೆ ಎನ್ನುತ್ತಾನೆ. ಪೌಲನು ಕೈ ತೋರಿಸುವುದು ಇಂದು ಜೀವಂತವಾಗಿರುವ ಒಬ್ಬನ ಕಡೆಗೆ, ಎಂದೋ ಮುಗಿದುಹೋದ ದಿನವೊಂದರ ಕಡೆಗಲ್ಲ.

ಇನ್ನು ನಿಮ್ಮ ನಿದ್ದೆ ಕೆಡಿಸಿದ ವಚನ. ದೇವರಿಂದ ಹುಟ್ಟಿದವನು ಪಾಪಮಾಡನು ಎಂದು ಯೋಹಾನನು 3:9ರಲ್ಲಿ ಹೇಳುತ್ತಾನೆ. ಅದೇ ಯೋಹಾನನು ಅದೇ ಪತ್ರದ 1:8ರಲ್ಲಿ, ನಮ್ಮಲ್ಲಿ ಪಾಪವಿಲ್ಲವೆಂದು ನಾವು ಹೇಳಿದರೆ ನಮ್ಮನ್ನು ನಾವೇ ಮೋಸಗೊಳಿಸಿಕೊಳ್ಳುತ್ತೇವೆ ಎಂದಿದ್ದಾನೆ. ಒಂದೇ ಕೈ ಬರೆದ ಈ ಎರಡು ಮಾತನ್ನು ಒಟ್ಟಿಗೆ ಓದಬೇಕು. ಗ್ರೀಕಿನಲ್ಲಿ ಆ ಕ್ರಿಯಾಪದ ವರ್ತಮಾನದಲ್ಲಿದೆ, ಆದ್ದರಿಂದ "ಪಾಪಮಾಡುತ್ತಲೇ ಇರುವುದಿಲ್ಲ" ಎಂದು ಅರ್ಥಮಾಡಬೇಕು ಎಂದು ಅನೇಕರು ವಿವರಿಸುತ್ತಾರೆ. ಅದು ಸರಿಯೇ, ಆದರೆ ವ್ಯಾಕರಣವೊಂದರ ಮೇಲೆ ಇಷ್ಟು ದೊಡ್ಡ ಭಾರ ಹೊರಿಸಲು ನನಗೆ ಇಷ್ಟವಿಲ್ಲ. ಪತ್ರವನ್ನೇ ಕೇಳಿದರೆ ಉತ್ತರ ಸಿಗುತ್ತದೆ. ಯೋಹಾನನು ಎದುರಿಸುತ್ತಿದ್ದದ್ದು ಎಡವಿ ಬಿದ್ದು ಅಳುವವರನ್ನಲ್ಲ. ಅವರಿಗೆ 2:1ರಲ್ಲಿ ತಂದೆಯ ಬಳಿಯಲ್ಲಿ ಒಬ್ಬ ಸಹಾಯಕನನ್ನು ತೋರಿಸಿಕೊಟ್ಟಿದ್ದಾನೆ. ದೇವರನ್ನು ಬಲ್ಲೆವು ಎಂದು ಹೇಳುತ್ತಲೇ ಸಹೋದರನನ್ನು ದ್ವೇಷಿಸುತ್ತಾ ನೆಮ್ಮದಿಯಿಂದ ಇದ್ದವರಿಗೆ 3ನೇ ಅಧ್ಯಾಯ. ನೀವು 9ನೇ ವಚನದಲ್ಲಿ ನಿಂತುಬಿಟ್ಟಿರಿ. ದಯವಿಟ್ಟು 17ರ ತನಕ ಓದಿ. ಲೋಕದ ಸಂಪತ್ತುಳ್ಳವನು ಸಹೋದರನ ಕೊರತೆಯನ್ನು ಕಂಡೂ ಕರುಳನ್ನು ಬಿಗಿಹಿಡಿದರೆ ದೇವರ ಪ್ರೀತಿ ಅವನಲ್ಲಿ ನೆಲೆಗೊಂಡಿರುವುದು ಹೇಗೆ ಎಂದು ಅಲ್ಲಿ ಕೇಳುತ್ತಾನೆ. ಅಲ್ಲಿ ಹೇಳಿರುವುದು ತನ್ನದನ್ನು ಕೊಡದೆ ಬಿಗಿಹಿಡಿದವನ ಮಾತು. ನಿಮ್ಮ ಕೈಯಲ್ಲಿರುವುದಾದರೋ ಅವಳದೇ. ಕ್ರೈಸ್ತ ತಂದೆಯ ಆಸ್ತಿಯಲ್ಲಿ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಕೊಡುವುದು ಸಮಪಾಲು. ನೀವು ಅವಳಿಗೆ ದಾನ ಮಾಡಬೇಕಾದದ್ದು ಏನೂ ಇಲ್ಲ.

ಈಗ ನೀವು ಕೇಳಿದ ಎರಡು ಪ್ರಶ್ನೆ. ರಕ್ಷಣೆ ಹೋಯಿತೇ, ಇಲ್ಲವೇ ಮೊದಲೇ ಇರಲಿಲ್ಲವೇ? ಸಭೆ ಇದರ ಮೇಲೆ ಶತಮಾನಗಳ ಕಾಲ ವಾದಿಸಿದೆ. ತನಗೆ ಕೊನೆಯ ತನಕ ನಿಲ್ಲುವ ವರ ಖಂಡಿತ ಸಿಗುತ್ತದೆಂದು ವಿಶೇಷ ಪ್ರಕಟನೆಯಿಲ್ಲದೆ ಯಾರೂ ನಂಬಿಕೆಯ ನಿಶ್ಚಯದಿಂದ ಹೇಳಲಾಗದು ಎಂದು 1547ರಲ್ಲಿ ಟ್ರೆಂಟ್ ಮಹಾಸಭೆಯಲ್ಲಿ ರೋಮನ್ ಕಥೋಲಿಕ ಸಭೆ ತೀರ್ಮಾನಿಸಿತು. ಪ್ರೊಟೆಸ್ಟಂಟ್ ಸುಧಾರಕರಾದ ಲೂಥರನೂ ಕ್ಯಾಲ್ವಿನನೂ ಇದನ್ನು ಒಪ್ಪುವವರಾಗಿರಲಿಲ್ಲ. ಅವರಿಗೆ ನಂಬಿಕೆಯೆಂದರೆ ದೇವರ ದಯೆಯನ್ನು ನನಗಾಗಿಯೇ ಎಂದು ಹಿಡಿದುಕೊಳ್ಳುವುದು. ಮುಂದೆ ಪ್ರೊಟೆಸ್ಟಂಟರಲ್ಲೇ ಎರಡು ದಾರಿಯಾಯಿತು. ದೇವರು ಆರಿಸಿಕೊಂಡವರು ಕೊನೆಗೂ ಬಿದ್ದುಹೋಗರು ಎಂದು ಒಂದು ಪಕ್ಷ. ನಂಬಿದವನೂ ಕೃಪೆಯನ್ನು ಬಿಟ್ಟು ಬಿದ್ದುಹೋಗಬಲ್ಲ ಎಂದು ಇನ್ನೊಂದು ಪಕ್ಷ. ಮೊದಲ ಪಕ್ಷದ ಮಾತನ್ನು ಹಾಲೆಂಡಿನ ಡೋರ್ಟ್ ಪಟ್ಟಣದಲ್ಲಿ 1618 ಮತ್ತು 1619ರಲ್ಲಿ ಸೇರಿದ ಸಭಾಮಂಡಲಿ ಬರಹಕ್ಕಿಳಿಸಿತು. ಎರಡನೆಯದರ ದೊಡ್ಡ ಧ್ವನಿ ಮೆಥೋಡಿಸ್ಟರ ಮೂಲಪುರುಷ ಜಾನ್ ವೆಸ್ಲಿ. 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಕೂಟದಲ್ಲಿ ತನ್ನ ಪಾಪಗಳನ್ನು ಕ್ರಿಸ್ತನು ತೆಗೆದುಹಾಕಿದನೆಂಬ ನಿಶ್ಚಯ ತನಗೆ ಉಂಟಾಯಿತು ಎಂದು ಬರೆದವನೇ, ಆ ಕೃಪೆಯಿಂದ ಬೀಳುವ ಅಪಾಯವಿದೆ ಎಂದೂ ಬೋಧಿಸಿದ. ನಮ್ಮಲ್ಲಿ ಈ ಎರಡೂ ಪರಂಪರೆಯವರು ಒಂದೇ ಬೆಂಚಿನ ಮೇಲೆ ಕೂತಿದ್ದಾರೆ. 1947ರಲ್ಲಿ ದಕ್ಷಿಣ ಭಾರತ ಸಭೆಯಾಗಿ ಒಂದಾದವರಲ್ಲಿ ಮೊದಲ ಪಕ್ಷದ ಪರಂಪರೆಯ ಪ್ರೆಸ್‌ಬಿಟೇರಿಯನರೂ ಇದ್ದರು, ವೆಸ್ಲಿಯ ಪರಂಪರೆಯ ಮೆಥೋಡಿಸ್ಟರೂ ಇದ್ದರು.

ಇಲ್ಲಿ ನೀವು ಗಮನಿಸಬೇಕಾದ ಸಂಗತಿ ಒಂದಿದೆ. ನಿಮ್ಮ ಹಿರಿಯರ ಮಾತು ಡೋರ್ಟಿನ ಮಾತಿನಂತೆ ಕೇಳಿಸುತ್ತದೆ, ಆದರೆ ಅಲ್ಲ. ಡೋರ್ಟಿನ ನಿರ್ಣಯಗಳಲ್ಲಿ ಐದನೆಯ ಭಾಗವನ್ನು ಓದಿದರೆ, ದೇವರು ತನ್ನವರನ್ನು ಕಾಪಾಡುತ್ತಾನೆ ಎಂಬ ಮಾತಿನ ನಡುವೆಯೇ, ಘೋರ ಪಾಪದಲ್ಲಿ ಬಿದ್ದ ದಾವೀದ ಮತ್ತು ಪೇತ್ರರ ಹೆಸರು ಬರುತ್ತದೆ. ಇಂಥ ಘೋರ ಪಾಪದಿಂದ ವಿಶ್ವಾಸಿಗಳು ದೇವರನ್ನು ಬಹಳವಾಗಿ ನೋಯಿಸುತ್ತಾರೆ, ಮರಣಕ್ಕೆ ಅರ್ಹರಾಗುತ್ತಾರೆ, ಪವಿತ್ರಾತ್ಮನನ್ನು ದುಃಖಪಡಿಸುತ್ತಾರೆ, ನಂಬಿಕೆಯ ನಡೆಗೆ ತಡೆಯೊಡ್ಡುತ್ತಾರೆ, ಮನಸ್ಸಾಕ್ಷಿಗೆ ಗಾಯ ಮಾಡಿಕೊಳ್ಳುತ್ತಾರೆ, ಕೆಲವೊಮ್ಮೆ ಕೃಪೆಯ ಅರಿವನ್ನೇ ಕೆಲಕಾಲ ಕಳೆದುಕೊಳ್ಳುತ್ತಾರೆ ಎನ್ನುತ್ತದೆ ಅದು. ಎಲ್ಲಿಯವರೆಗೆ? ನಿಜವಾದ ಮಾನಸಾಂತರದಿಂದ ಹಿಂದಿರುಗುವವರೆಗೆ. ಪ್ರೆಸ್‌ಬಿಟೇರಿಯನರ ನಂಬಿಕೆಯ ಅರಿಕೆಯಾದ 1646ರ ವೆಸ್ಟ್‌ಮಿನ್‌ಸ್ಟರ್ ಅರಿಕೆಯ 18ನೇ ಅಧ್ಯಾಯವೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. ರಕ್ಷಣೆ ಎಂದಿಗೂ ಕಳೆದುಹೋಗದು ಎಂದು ಜಗತ್ತಿನಲ್ಲಿ ಅತ್ಯಂತ ಗಟ್ಟಿಯಾಗಿ ಹೇಳಿದ ಜನರೇ, ಪಾಪವನ್ನು ಬಿಗಿಹಿಡಿದವನಿಗೆ "ಚಿಂತೆ ಬೇಡ" ಎನ್ನಲಿಲ್ಲ.

ಆದುದರಿಂದ ನಿಮ್ಮ ಪತ್ರವನ್ನು ಡೋರ್ಟಿನ ಹಿರಿಯರ ಮುಂದಿಟ್ಟರೆ, ನೀವು ನಿಜವಾಗಿ ದೇವರ ಮಗುವಾಗಿದ್ದರೆ ಹಿಂದಿರುಗುತ್ತೀರಿ, ಹಿಂದಿರುಗದಿದ್ದರೆ ಎಂದೂ ಆಗಿರಲಿಲ್ಲವೆಂದು ತಿಳಿಯುತ್ತದೆ, ಆದ್ದರಿಂದ ಹಿಂದಿರುಗಿ ಎನ್ನುತ್ತಾರೆ. ವೆಸ್ಲಿಯ ಮುಂದಿಟ್ಟರೆ, ಕೈಯಲ್ಲಿದ್ದದ್ದನ್ನು ಕಳೆದುಕೊಳ್ಳುವ ಹಾದಿಯಲ್ಲಿದ್ದೀರಿ, ಆದ್ದರಿಂದ ಹಿಂದಿರುಗಿ ಎನ್ನುತ್ತಾನೆ. ಕಾರಣದ ವಿವರಣೆಯಲ್ಲಿ ಅವರು ಎಂದೂ ಒಂದಾಗಲಿಲ್ಲ. ಈ ಹೊತ್ತು ನಿಮಗೆ ಕೊಡುವ ಬುದ್ಧಿಮಾತಿನಲ್ಲಿ ಅವರಿಗೆ ಒಂದು ಅಕ್ಷರದ ಭೇದವೂ ಇಲ್ಲ. ಕಳೆದದ್ದೋ ಇಲ್ಲದ್ದೋ ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತಾ ಕೂತರೆ ಇನ್ನೊಂದು ಒಂಬತ್ತು ವರ್ಷ ಕಳೆಯುತ್ತದೆ. ಮಂಚದಲ್ಲಿ ಮಲಗಿ ಆ ಪ್ರಶ್ನೆಯನ್ನು ಬಿಡಿಸಲಾಗದು. ತಂಗಿಯ ಮನೆಯ ಬಾಗಿಲಿಗೆ ಹೋಗುವ ದಾರಿಯಲ್ಲಿ ಅದು ಬಿಡಿಸಿಕೊಳ್ಳುತ್ತದೆ.

ದಾವೀದನ ಕಥೆಯನ್ನು ನೀವು ಬಾಲ್ಯದಿಂದ ಕೇಳಿದ್ದೀರಿ. ಬತ್ಷೆಬೆಯ ವಿಷಯದಲ್ಲಿ ಪಾಪಮಾಡಿ, ಅವಳ ಗಂಡ ಊರೀಯನನ್ನು ಯುದ್ಧದಲ್ಲಿ ಮುಂದೆ ನಿಲ್ಲಿಸಿ ಕೊಲ್ಲಿಸಿ, ಪ್ರವಾದಿಯಾದ ನಾತಾನನು ಬರುವ ಹೊತ್ತಿಗೆ ಮಗು ಹುಟ್ಟಿಯಾಗಿತ್ತು. ಅಂದರೆ ತಿಂಗಳುಗಟ್ಟಲೆ ಅರಸನು ಸುಮ್ಮನಿದ್ದ. ನ್ಯಾಯಪೀಠದಲ್ಲಿ ಕೂತಿದ್ದ, ಬೇರೆಯವರ ತಪ್ಪಿಗೆ ತೀರ್ಪು ಕೊಡುತ್ತಿದ್ದ. ನಾತಾನನು ಬಡವನ ಒಂದೇ ಒಂದು ಕುರಿಮರಿಯ ಕಥೆ ಹೇಳಿದಾಗ ಕೋಪದಿಂದ ಉರಿದು, ಅಂಥವನು ನಾಲ್ಕರಷ್ಟು ಹಿಂದಕ್ಕೆ ಕೊಡಬೇಕು ಎಂದವನೂ ಅವನೇ. ಕಾನೂನು ಅವನಿಗೆ ಬಾಯಿಪಾಠವಿತ್ತು. 32ನೇ ಕೀರ್ತನೆಯಲ್ಲಿ ಆ ಮೌನದ ಕಾಲ ಹೇಗಿರುತ್ತದೆಂದು ಬರೆದಿದೆ: ಅರಿಕೆ ಮಾಡದೆ ಇದ್ದಾಗ ಎಲುಬುಗಳು ಸವೆದವು, ಹಗಲಿರುಳು ದೇವರ ಕೈ ಭಾರವಾಗಿತ್ತು, ಬೇಸಿಗೆಯ ಬಿಸಿಲಿಗೆ ಒಣಗಿದಂತೆ ಸಾರವೆಲ್ಲ ಬತ್ತಿತು. ಆ ಸಾಲುಗಳನ್ನು ಇವತ್ತು ರಾತ್ರಿ ನಿದ್ದೆ ಬರದಾಗ ಎದ್ದು ಓದಿ. ಆಮೇಲೆ 51ನೇ ಕೀರ್ತನೆಗೆ ಬನ್ನಿ. ಅಲ್ಲಿ ದಾವೀದನು ಮರಳಿ ಬೇಡುವುದು ರಕ್ಷಣೆಯ ಆನಂದವನ್ನು. ಹಾಗೆಯೇ, ನಿನ್ನ ಪವಿತ್ರಾತ್ಮವನ್ನು ನನ್ನಿಂದ ತೆಗೆಯಬೇಡ ಎಂದೂ ಗೋಗರೆಯುತ್ತಾನೆ. ಆನಂದ ಹೋಗಿದೆ ಎಂದು ಅವನಿಗೆ ಗೊತ್ತು, ಉಳಿದದ್ದೂ ಹೋದೀತೆಂಬ ಭಯವಿದೆ. ಅವನು ಆ ಭಯವನ್ನು ತರ್ಕದಿಂದ ಗೆಲ್ಲಲು ಹೋಗಲಿಲ್ಲ, ಅದನ್ನೇ ಪ್ರಾರ್ಥನೆಯಾಗಿ ಮಾಡಿಕೊಂಡ.

ನಿಮ್ಮ ನಿದ್ದೆಗೆಟ್ಟ ರಾತ್ರಿಗಳ ಬಗ್ಗೆ ನನಗೆ ಒಂದು ಕಡೆ ಸಂತೋಷವಿದೆ. ಕಠಿಣವಾಗಿ ಕೇಳಿಸಬಹುದು, ಕ್ಷಮಿಸಿ. ಕರ್ತನು ತಾನು ಪ್ರೀತಿಸುವವನನ್ನು ಶಿಕ್ಷಿಸುತ್ತಾನೆ ಎಂದು ಇಬ್ರಿಯರಿಗೆ ಬರೆದ ಪತ್ರದ 12ನೇ ಅಧ್ಯಾಯ ಹೇಳುತ್ತದೆ. ನೀವು ಗೊರಕೆ ಹೊಡೆದು ಮಲಗುತ್ತಿದ್ದರೆ ನಾನು ಹೆಚ್ಚು ಹೆದರುತ್ತಿದ್ದೆ. ಆದರೆ ನಿದ್ದೆ ಬರದಿರುವುದೇ ಮಾನಸಾಂತರ ಎಂದು ತಿಳಿಯಬೇಡಿ. ಇಲ್ಲಿ ಕನ್ನಡದ ಪದಗಳೇ ನಮಗೆ ಸಹಾಯಕ್ಕೆ ಬರುತ್ತವೆ. ಪಶ್ಚಾತ್ತಾಪ ಎಂದರೆ ಮಾಡಿದ ಮೇಲೆ ಒಳಗೆ ಬೇಯುವುದು. ಯೇಸುವನ್ನು ಹಿಡಿದುಕೊಟ್ಟ ಯೂದ ಇಸ್ಕರಿಯೋತನೂ ಬೆಂದ. ಮೂವತ್ತು ಬೆಳ್ಳಿ ನಾಣ್ಯಗಳನ್ನು ದೇವಾಲಯದಲ್ಲಿ ಬಿಸಾಡುವಷ್ಟು ಬೆಂದ. ಮತ್ತಾಯನು ಅವನಿಗೆ ಬಳಸಿದ ಗ್ರೀಕ್ ಪದ ಬೇರೆ, ಸ್ನಾನಿಕನಾದ ಯೋಹಾನನ ಬಾಯಲ್ಲಿ ಇಟ್ಟ ಪದ ಬೇರೆ. ಆ ಎರಡನೆಯ ಪದವನ್ನೇ ನಮ್ಮ ಕನ್ನಡ ಬೈಬಲು "ದೇವರ ಕಡೆಗೆ ತಿರುಗಿಕೊಳ್ಳಿರಿ" ಎಂದು ಅನುವಾದಿಸಿತು. ಹಳೆಯ ಒಡಂಬಡಿಕೆಯ ಇಬ್ರಿಯ ಪದದ ಅರ್ಥವೂ ಇದೇ, ತಿರುಗುವುದು. ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಅನುವಾದವಿಲ್ಲ. ಬೇಯುವುದಕ್ಕೆ ಕೂತಲ್ಲೇ ಕೂತರೂ ಸಾಕು, ತಿರುಗುವುದಕ್ಕೆ ಎದ್ದು ನಿಲ್ಲಬೇಕು.

ಜಾನ್ ನ್ಯೂಟನ್ ಎಂಬವನ ಜೀವನವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅಮೇಜಿಂಗ್ ಗ್ರೇಸ್ ಎಂಬ ಇಂಗ್ಲಿಷ್ ಗೀತೆ ಬರೆದವನು ಎಂದು ನಿಮಗೆ ಗೊತ್ತಿರಬಹುದು. ಅವನಿಗೂ ನಿಮ್ಮಂತೆ ಒಂದು ತಾರೀಖಿತ್ತು. 1748ರ ಮಾರ್ಚ್ 21ರಂದು ಅಟ್ಲಾಂಟಿಕ್ ಸಾಗರದ ಬಿರುಗಾಳಿಗೆ ಹಡಗು ಒಡೆದು ನೀರು ತುಂಬುತ್ತಿದ್ದಾಗ ಅವನು ದೇವರಿಗೆ ಮೊರೆಯಿಟ್ಟ. ಮುಂದೆ ವರ್ಷ ವರ್ಷವೂ ಆ ದಿನವನ್ನು ಪ್ರಾರ್ಥನೆಯಲ್ಲಿ ಆಚರಿಸಿದ. 1805ರಲ್ಲಿ, ಕಣ್ಣು ಮಂಜಾಗಿ ಬರೆಯಲು ಕಷ್ಟವಾಗಿದ್ದಾಗಲೂ ಆ ದಿನಕ್ಕೆ ದಿನಚರಿಯಲ್ಲಿ ಎರಡು ಸಾಲು ಬರೆದ. ಆದರೆ ಆ ತಾರೀಖಿನ ನಂತರ ಅವನು ಏನು ಮಾಡಿದ? 1750ರಿಂದ 1754ರವರೆಗೆ ಗುಲಾಮರನ್ನು ಸಾಗಿಸುವ ಹಡಗುಗಳ ಕಪ್ತಾನನಾಗಿ ಮೂರು ಯಾನ ಮಾಡಿದ. ಭಾನುವಾರಗಳಲ್ಲಿ ನಾವಿಕರನ್ನು ಸೇರಿಸಿ ಆರಾಧನೆ ನಡೆಸುತ್ತಿದ್ದ. ಅದೇ ಹಲಗೆಯ ಕೆಳಗೆ ಆಫ್ರಿಕಾದ ಗಂಡಸರು, ಹೆಂಗಸರು, ಮಕ್ಕಳು ಸಂಕೋಲೆಯಲ್ಲಿದ್ದರು. ದಂಗೆಯ ಸುಳಿವು ಸಿಕ್ಕಾಗ ಹುಡುಗರನ್ನು ಬೇಡಿಯಲ್ಲಿಟ್ಟು, ಬಾಯಿ ಬಿಡಿಸಲು ಹೆಬ್ಬೆರಳನ್ನು ತಿರುಪಿನಲ್ಲಿ ಹಿಂಡಿಸಿದ್ದನ್ನು ಅವನು ತನ್ನ ಕೈಯಾರೆ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಸಮುದ್ರ ಬಿಟ್ಟದ್ದೂ ಮನಸ್ಸು ತಿರುಗಿ ಅಲ್ಲ, 1754ರಲ್ಲಿ ಇದ್ದಕ್ಕಿದ್ದಂತೆ ಬಂದ ಕಾಯಿಲೆಯಿಂದ. 1764ರಲ್ಲಿ ಆಲ್ನಿ ಎಂಬ ಊರಿಗೆ ಸಭಾಪಾಲಕನಾದ. ಆ ವ್ಯಾಪಾರ ತಪ್ಪೆಂಬ ಅಳುಕು ಅದರಲ್ಲಿದ್ದ ಕಾಲದಲ್ಲಿ ತನಗೆ ಎಳ್ಳಷ್ಟೂ ಇರಲಿಲ್ಲ ಎಂದು ಅವನೇ ಒಪ್ಪಿಕೊಂಡ. 1788ರಲ್ಲಿ, ಅಂದರೆ ಹಡಗು ಬಿಟ್ಟು 34 ವರ್ಷಗಳ ಮೇಲೆ, ಆ ವ್ಯಾಪಾರದ ವಿರುದ್ಧ ಕಿರುಹೊತ್ತಗೆಯೊಂದನ್ನು ಪ್ರಕಟಿಸಿ, ತನ್ನ ಅರಿಕೆ ಬಹಳ ತಡವಾಗಿ ಬಂದಿದೆ ಎಂದು ಸಾರ್ವಜನಿಕವಾಗಿ ಹೇಳಿಕೊಂಡ. ಬ್ರಿಟಿಷ್ ಸಂಸತ್ತಿನ ಸಮಿತಿಯ ಮುಂದೆ ಸಾಕ್ಷಿಯನ್ನೂ ಹೇಳಿದ. ವ್ಯಾಪಾರವನ್ನು ನಿಷೇಧಿಸುವ ಕಾಯ್ದೆ 1807ರಲ್ಲಿ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ಅವನು ತೀರಿಕೊಂಡ.

ಈ ಕಥೆಯನ್ನು ಸಾಮಾನ್ಯವಾಗಿ ಸಕ್ಕರೆ ಹಚ್ಚಿ ಹೇಳುತ್ತಾರೆ: ಬಿರುಗಾಳಿ, ಪ್ರಾರ್ಥನೆ, ಗುಲಾಮರ ಬಿಡುಗಡೆ, ಗೀತೆ. ನಡುವಿನ ಆರು ವರ್ಷವನ್ನೂ ಮತ್ತಿನ 34 ವರ್ಷವನ್ನೂ ನುಂಗಿಬಿಡುತ್ತಾರೆ. ನ್ಯೂಟನ್ ಮಾತ್ರ ನುಂಗಲಿಲ್ಲ. ಆ ಬಿರುಗಾಳಿಯ ದಿನದಿಂದ ಬಹುಕಾಲದವರೆಗೆ ತಾನು ಪೂರ್ಣ ಅರ್ಥದಲ್ಲಿ ವಿಶ್ವಾಸಿಯಾಗಿದ್ದೆ ಎಂದು ಎಣಿಸಲಾರೆ ಎಂದು ತನ್ನ ಜೀವನಕಥೆಯಲ್ಲಿ ಬರೆದ. ಆದರೂ ಆ ದಿನವನ್ನು ಬಿಡಲಿಲ್ಲ. ದೇವರು ತನ್ನನ್ನು ಹಿಡಿದ ದಿನ ಅದು, ತಾನು ಪೂರ್ತಿಯಾಗಿ ತಿರುಗಿದ ದಿನವಲ್ಲ. ನಿಮ್ಮ 1999ರ ಮೇ ತಿಂಗಳನ್ನೂ ಹಾಗೆ ಇಟ್ಟುಕೊಳ್ಳಬಹುದು.

ಆದರೆ ನ್ಯೂಟನ್ನನ ಹಿಂದೆ ಅಡಗಬೇಡಿ. ಅವನ ಕಾಲದ ಇಂಗ್ಲೆಂಡಿನಲ್ಲಿ ಮರ್ಯಾದಸ್ಥರೂ ಮಾಡುತ್ತಿದ್ದ ವ್ಯಾಪಾರ ಅದು, ಅವನ ಕಣ್ಣಿಗೆ ಪೊರೆ ಬಂದಿತ್ತು. ಅದು ಅವನನ್ನು ನಿರಪರಾಧಿಯನ್ನಾಗಿ ಮಾಡುವುದಿಲ್ಲ. ಆ ಹಡಗಿನ ಕೆಳಗಿದ್ದ ಮಗುವಿಗೆ ಅವನ ಪೊರೆಯಿಂದ ನೋವೇನೂ ಕಡಿಮೆಯಾಗಲಿಲ್ಲ. ಆದರೂ ಕಾಣದೆ ಮಾಡುವುದು ಬೇರೆ, ಕಂಡೂ ಹಿಡಿದುಕೊಳ್ಳುವುದು ಬೇರೆ. ನಿಮಗೆ ಕಾಣುತ್ತಿದೆ. ನಿಮಗೆ 34 ವರ್ಷ ಬೇಕಿಲ್ಲ.

ನಾನು ಸಭಾಪಾಲಕನಾಗಿ ಬಂದ ಹೊಸದರಲ್ಲಿ ನಮ್ಮ ಸಭೆಯಲ್ಲಿ ಒಬ್ಬ ನಿವೃತ್ತ ಶಾಲಾ ಮಾಸ್ತರರಿದ್ದರು. ಪ್ರತಿ ತಿಂಗಳು ಮೊದಲನೆಯ ಭಾನುವಾರ, ರೊಟ್ಟಿಯ ತಟ್ಟೆ ಸಾಲಿಗೆ ಬರುವ ಮುಂಚೆ, ಅವರು ಎದ್ದು ಹೊರಗೆ ಹೋಗಿ ಮೆಟ್ಟಿಲ ಹತ್ತಿರ ಚಪ್ಪಲಿಗಳನ್ನು ಜೋಡಿಸುತ್ತಾ ನಿಲ್ಲುತ್ತಿದ್ದರು. ಎಲ್ಲರ ಚಪ್ಪಲಿ, ಜೋಡಿ ಜೋಡಿಯಾಗಿ, ಮೂತಿ ಹೊರಗೆ ಮಾಡಿ. ನಾನು ಅದನ್ನು ವಿನಯ ಎಂದುಕೊಂಡಿದ್ದೆ. ವರ್ಷವಾದ ಮೇಲೆ ಅವರೇ ಹೇಳಿದರು: ದೊಡ್ಡಪ್ಪನ ಮಗ ಊರು ಬಿಟ್ಟು ಹೋಗುವಾಗ ಇಟ್ಟುಕೊಳ್ಳಲು ಕೊಟ್ಟಿದ್ದ ಹಣವನ್ನು ತಾವು ಮನೆ ಕಟ್ಟಲು ಬಳಸಿದ್ದರು, ಅವನು ಕೇಳಿದಾಗ ಕೊಟ್ಟೇ ಇಲ್ಲವೆಂದು ವಾದಿಸಿದ್ದರು. ಸಾಕ್ಷಿಯಿರಲಿಲ್ಲ. ಸುಳ್ಳು ನಿಂತಿತು. ಹದಿನಾರು ವರ್ಷ ಅವರು ಪ್ರಭುಭೋಜನ ತೆಗೆದುಕೊಂಡಿರಲಿಲ್ಲ. ನಾನು ಆಗ ಚಿಕ್ಕವನು, ಓದಿದ್ದನ್ನೆಲ್ಲ ಹೇಳಿದೆ. ಅವರು ಕೇಳಿಸಿಕೊಂಡು, "ಅಯ್ಯನವರೇ, ಅದೆಲ್ಲ ನನಗೆ ಗೊತ್ತು, ನನ್ನ ಜೊತೆ ಬರುತ್ತೀರಾ ಅಷ್ಟು ಹೇಳಿ" ಎಂದರು. ಹೋದೆವು. ಅವರ ಕೈಯಲ್ಲಿ ಬಟ್ಟೆಯ ಚೀಲ. ಅದರಲ್ಲಿ ಹಣ, ಜೊತೆಗೆ ಗೆರೆ ಹಾಕಿದ ನೋಟುಬುಕ್ಕಿನ ಹಾಳೆಯಲ್ಲಿ ವರ್ಷವಾರು ಬಡ್ಡಿಯ ಲೆಕ್ಕ, ಮಾಸ್ತರರ ಮುತ್ತಿನಂಥ ಅಕ್ಷರದಲ್ಲಿ. ಆ ಮನುಷ್ಯ ಜಗಲಿಯಲ್ಲೇ ನಿಂತು ಹಾಳೆ ಓದಿದ, ಹಣ ಎಣಿಸಿಕೊಂಡ, ಒಂದು ಮಾತೂ ಆಡದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ಕ್ಷಮಿಸಿದೆ ಎನ್ನಲಿಲ್ಲ, ನೀರು ಬೇಕೇ ಎಂದೂ ಕೇಳಲಿಲ್ಲ. ದಾರಿಯುದ್ದಕ್ಕೂ ನಾನು ಪೆಚ್ಚಾಗಿದ್ದೆ. ಮಾಸ್ತರರು ಬಸ್ಸಿನ ಕಿಟಕಿಯ ಪಕ್ಕದಲ್ಲಿ ಕೂತು ಹಾಗೇ ನಿದ್ದೆ ಹೋದರು. ಮುಂದಿನ ತಿಂಗಳು ಅವರು ಹೊರಗೆ ಹೋಗಲಿಲ್ಲ. ತಟ್ಟೆ ಬಂದಾಗ ಅವರ ಕೈ ನಡುಗುತ್ತಿತ್ತು.

ನಿಮ್ಮ ತಂಗಿಯೂ ಬಾಗಿಲು ಹಾಕಿಕೊಳ್ಳಬಹುದು ಎಂದು ತಿಳಿದಿರಲಿ ಎಂದೇ ಇದನ್ನು ಹೇಳಿದೆ. ಅದು ಅವಳ ಹಕ್ಕು. ನೀವು ಹೋಗುವುದು ಅವಳ ಕ್ಷಮೆಯನ್ನು ಕೊಂಡು ತರಲು ಅಲ್ಲ.

ದೇವರ ಕ್ಷಮೆಯನ್ನು ಕೊಳ್ಳಲೂ ಅಲ್ಲ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ನಿಮ್ಮ ಹಿರಿಯರ ತಪ್ಪಿಗೆ ಉಲ್ಟಾ ತಪ್ಪೊಂದು ಇದೆ, ಹೆದರಿದವರು ಅದರೊಳಗೆ ಬೇಗ ಬೀಳುತ್ತಾರೆ: ಮೊದಲು ಎಲ್ಲವನ್ನೂ ಸರಿಮಾಡಿ, ಆಮೇಲೆ ಕ್ರಿಸ್ತನ ಬಳಿಗೆ ಹೋಗುತ್ತೇನೆ ಎನ್ನುವುದು. ಸ್ಕಾಟ್ಲೆಂಡಿನಲ್ಲಿ 1717ರಿಂದ 1722ರವರೆಗೆ ಇದರ ಮೇಲೆ ಸಭೆಯೇ ಇಬ್ಭಾಗವಾಗುವಷ್ಟು ಜಗಳ ನಡೆಯಿತು. ಕ್ರಿಸ್ತನ ಬಳಿಗೆ ಬರಬೇಕಾದರೆ ಮುಂಚೆ ಪಾಪವನ್ನು ಬಿಟ್ಟಿರಬೇಕೆಂದು ಬೋಧಿಸುವುದು ಸರಿಯಲ್ಲ ಎಂದು ಕೆಲವು ಪಾಲಕರು ಪಟ್ಟುಹಿಡಿದರು. ಥಾಮಸ್ ಬೋಸ್ಟನ್ ಅವರಲ್ಲೊಬ್ಬ. ಇದರಿಂದ ಜನ ಪಾಪದಲ್ಲಿ ಸಸಾರವಾಗುತ್ತಾರೆ ಎಂದು ಸಭೆಯ ಮಹಾಸಭೆ ಹೆದರಿತು, ಅವರನ್ನು ಗದರಿಸಿತು. ಬೋಸ್ಟನ್ನನ ಪಕ್ಷವೇ ಸುವಾರ್ತೆಯನ್ನು ಸರಿಯಾಗಿ ಕಂಡಿತ್ತು ಎಂದು ನಾನು ನಂಬುತ್ತೇನೆ. ಪಾಪವನ್ನು ಬಿಡುವ ಶಕ್ತಿಯಿರುವುದು ಕ್ರಿಸ್ತನ ಬಳಿಯಲ್ಲಿ. ಆ ಶಕ್ತಿಯನ್ನು ಅವನಿಲ್ಲದೆ ಗಳಿಸಿಕೊಂಡು ಅವನ ಬಳಿಗೆ ಹೋಗುವುದು ಹೇಗೆ? ಯೇಸುವನ್ನು ನೋಡಲು ಮರ ಹತ್ತಿದ ಸುಂಕದವನಾದ ಜಕ್ಕಾಯನನ್ನು ನೋಡಿ. ಯೇಸು ಮೊದಲು ಅವನ ಮನೆಗೆ ಹೋದನು. ನಾಲ್ಕರಷ್ಟು ಹಿಂದಕ್ಕೆ ಕೊಡುತ್ತೇನೆ ಎಂದು ಜಕ್ಕಾಯನು ಹೇಳಿದ್ದು ಆಮೇಲೆ, ಮರದ ಮೇಲಿಂದಲ್ಲ.

ಹಾಗಾದರೆ "ಮನಸ್ಸು ಬಂದಿಲ್ಲ" ಎನ್ನುವ ಆ ಮನಸ್ಸನ್ನು ಹಾಗೆಯೇ ಎತ್ತಿಕೊಂಡು ಹೋಗಿ. ಕರ್ತನೇ, ಈ ನಿವೇಶನವನ್ನು ನಾನು ನಿನಗಿಂತ ಹೆಚ್ಚು ಪ್ರೀತಿಸುತ್ತಿದ್ದೇನೆ, ಬಿಡಲಾಗುತ್ತಿಲ್ಲ, ನನ್ನನ್ನು ತಿರುಗಿಸು ಎಂದು ಬಾಯಿಬಿಟ್ಟು ಹೇಳಿ. ಚಂದದ ಪ್ರಾರ್ಥನೆ ಬೇಡ. ಆ ನಿವೇಶನದ ಸರ್ವೆ ನಂಬರನ್ನೇ ಹೇಳಿ ಪ್ರಾರ್ಥಿಸಿ.

ಇದನ್ನು ಓದುತ್ತಿರುವ ಬೇರೆ ಕೆಲವರಿಗೂ ಒಂದು ಮಾತು ಹೇಳಲೇಬೇಕು. ಕೋಪದ ಮಾತಿಗೋ, ಕುಡಿತಕ್ಕೋ, ಮೊಬೈಲಿನಲ್ಲಿ ನೋಡಬಾರದ್ದನ್ನು ನೋಡುವುದಕ್ಕೋ ಸಿಕ್ಕಿಬಿದ್ದು, ಬಿಟ್ಟು, ಮತ್ತೆ ಬಿದ್ದು, ಮತ್ತೆ ಅತ್ತು ಎದ್ದವರು ಇದ್ದೀರಿ. ಇಷ್ಟು ಹೊತ್ತು ನಾನು ಹೇಳಿದ್ದನ್ನು ನಿಮ್ಮ ಎದೆಗೆ ಚುಚ್ಚಿಕೊಳ್ಳಬೇಡಿ. ಇಬ್ರಿಯರಿಗೆ 10:26ರಲ್ಲಿ ಬೇಕೆಂದು ಪಾಪಮಾಡುವವರ ಬಗ್ಗೆ ಬಂದಿರುವ ಎಚ್ಚರಿಕೆ ಕ್ರಿಸ್ತನನ್ನು ತುಳಿದು ಹೋಗುವವರಿಗೆ, ಅವನ ಕಾಲು ಹಿಡಿದು ಅಳುವವರಿಗಲ್ಲ. ದಿನಕ್ಕೆ ಏಳು ಸಲ ಬಂದು ಮನಸ್ಸು ತಿರುಗಿದೆ ಎನ್ನುವವನನ್ನು ಕ್ಷಮಿಸಬೇಕೆಂದು ಶಿಷ್ಯರಿಗೆ ಹೇಳಿದವನು ತಾನೇ ಎಂಟನೆಯ ಸಲಕ್ಕೆ ಬಾಗಿಲು ಹಾಕುವನೇ? ಲೂಥರನ 1517ರ 95 ವಾದಗಳಲ್ಲಿ ಮೊಟ್ಟಮೊದಲನೆಯದೇ, ವಿಶ್ವಾಸಿಯ ಇಡೀ ಜೀವನವೂ ಮಾನಸಾಂತರವಾಗಿರಬೇಕೆಂದು ಕ್ರಿಸ್ತನ ಚಿತ್ತ ಎನ್ನುತ್ತದೆ. ಹೋರಾಡುತ್ತಿರುವವರು ಈ ಪತ್ರದ ಸಹೋದರರ ಸ್ಥಿತಿಯಲ್ಲಿಲ್ಲ. ಆ ಸಹೋದರರು ತಮ್ಮ ಪಾಪದೊಂದಿಗೆ ಒಪ್ಪಂದ ಮಾಡಿಕೊಂಡಿದ್ದಾರೆ, ನೀವು ಜಗಳವಾಡುತ್ತಿದ್ದೀರಿ.

ಮತ್ತೆ ನಿಮ್ಮ ವಿಷಯಕ್ಕೆ, ಸಹೋದರರೇ. ಮೊದಲು ನಿಮ್ಮ ಹೆಂಡತಿಗೆ ಎಲ್ಲವನ್ನೂ ಹೇಳಿ. ತಮ್ಮನಿಗೂ ಹೇಳಿ, ಆದರೆ ಅವನು ಒಪ್ಪುವ ತನಕ ಕಾಯಬೇಡಿ. ಅವನು ಒಪ್ಪದಿದ್ದರೆ ನಿಮ್ಮ ಪಾಲಿಗೆ ಬಂದ ಅವಳ ಭಾಗವನ್ನಾದರೂ ನೀವು ಕೊಡಬಹುದು. ನೋಂದಣಿಯಾದ ಪತ್ರವಾದ್ದರಿಂದ ಬಾಯಿಮಾತಿನಲ್ಲಿ ಮುಗಿಯುವುದಿಲ್ಲ. ವಕೀಲರೊಬ್ಬರನ್ನು ಕಂಡು, ಹೊಸದಾಗಿ ಪತ್ರ ಮಾಡಿ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ನೋಂದಾಯಿಸುವ ದಾರಿ ಕೇಳಿ. ಜಾಗದ ಬದಲು ಹಣ ಕೊಡುವುದಾದರೆ ಒಂಬತ್ತು ವರ್ಷದ ಹಿಂದಿನ ಬೆಲೆಯಲ್ಲ, ಇಂದಿನ ಬೆಲೆ. ಯಾವುದು ಬೇಕೆಂದು ಅವಳು ಹೇಳಲಿ. ಅವಳ ಮುಂದೆ "ನಿನಗೆ ಬೇಜಾರಾಗಿದ್ದರೆ" ಎಂಬ ಮಾತನ್ನು ದಯವಿಟ್ಟು ಆಡಬೇಡಿ. ನಾನು ನಿನಗೆ ಸುಳ್ಳು ಹೇಳಿ ಸಹಿ ಹಾಕಿಸಿಕೊಂಡೆ ಎಂದು ಹೇಳಿ. ದೇವರು ನನ್ನನ್ನು ಕ್ಷಮಿಸಿದ್ದಾನೆ ಎಂದು ಅಲ್ಲಿ ಸಾಕ್ಷಿ ಹೇಳಲು ಹೋಗಬೇಡಿ. ಅವಳು ಏಳು ವರ್ಷದಲ್ಲಿ ಕೂಡಿಟ್ಟದ್ದನ್ನೆಲ್ಲ ಆಡಲಿ, ನಿಂತು ಕೇಳಿ.

ಬಲಿಪೀಠದ ಮುಂದೆ ಕಾಣಿಕೆಯನ್ನು ಬಿಟ್ಟು, ಹೊರಟುಹೋಗಿ ಮೊದಲು ನಿನ್ನ ಸಹೋದರನ ಸಂಗಡ ಒಂದಾಗು, ಆಮೇಲೆ ಬಂದು ಕಾಣಿಕೆ ಕೊಡು ಎಂದು ಯೇಸು ಮತ್ತಾಯ 5ನೇ ಅಧ್ಯಾಯದಲ್ಲಿ ಹೇಳಿದ್ದನ್ನು ನಾನು ನಿಮಗೆ ಅಕ್ಷರಶಃ ಹೇಳುತ್ತೇನೆ. ನಿಮ್ಮ ಸಭೆಯಲ್ಲಿ ಮುಂದಿನ ಪ್ರಭುಭೋಜನಕ್ಕೆ ಎಷ್ಟು ದಿನವಿದೆಯೋ ನನಗೆ ಗೊತ್ತಿಲ್ಲ. ಅಷ್ಟರೊಳಗೆ ಹೋಗಿಬನ್ನಿ. ಒಬ್ಬರೇ ಹೋಗಲು ಧೈರ್ಯ ಸಾಲದಿದ್ದರೆ ನಿಮ್ಮ ಸಭಾಪಾಲಕರನ್ನು ಕರೆಯಿರಿ. ಅವರಿಗೆ ಹೇಳಲು ನಾಚಿಕೆಯಾದರೆ ನನಗೆ ಇನ್ನೊಂದು ಪತ್ರ ಬರೆಯಿರಿ, ಬೆಳಗಿನ ಬಸ್ಸಿಗೆ ನಾನೇ ಬರುತ್ತೇನೆ.